ಪಿಕ್‌ನಿಕ್‌ಗೆ ದೂರ ಯಾಕೆ? ನಮ್ಮೂರ ಕೆರೆಯೇ ಇದೆಯಲ್ಲ

ಮಧ್ಯವಾರ್ಷಿಕ ಪರೀಕ್ಷೆ ಮುಗಿದು ಅಂಕಗಳು ಕೈಗೆ ಬರುತ್ತಿದ್ದಂತೆ ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ಒಂದೇ ಚರ್ಚೆ: ಈ ಸಲ ಪಿಕ್‌ನಿಕ್ ಎಲ್ಲಿಗೆ? ವಾಟರ್ ಪಾರ್ಕ್ ಎನ್ನುವವರದು ಒಂದು ಗುಂಪು, ರೆಸಾರ್ಟ್ ಎನ್ನುವವರದು ಇನ್ನೊಂದು. ಊಟಿಗೆ ಹೋಗಿ ರಾತ್ರಿ ವಾಪಸ್ ಬರೋಣ ಎನ್ನುವವರೂ ಇದ್ದಾರೆ. ಹಾಗಾಗಿ ನಾನು ಹೇಳುವ ಹೆಸರು ಕೇಳಿ ಕೆಲವರು ನಗಬಹುದು. ನನ್ನ ಆಯ್ಕೆ ಕಾರಂಜಿ ಕೆರೆ. ಹೌದು, ಮೃಗಾಲಯದ ಪಕ್ಕದ ಅದೇ ಕೆರೆ, ಮೈಸೂರಿನಲ್ಲೇ ಇರುವ ಕೆರೆ. ನಕ್ಕವರು ನಕ್ಕ ಮೇಲೆ ದಯವಿಟ್ಟು ಪೂರ್ತಿ ಓದಿ. ಆಮೇಲೆ ಒಪ್ಪಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಮೊದಲು ದುಡ್ಡಿನ ಮಾತು. ಪಿಕ್‌ನಿಕ್ ವಿಷಯದಲ್ಲಿ ಎಲ್ಲರೂ ಮಾತಾಡುತ್ತೇವೆ, ಇದೊಂದನ್ನು ಮಾತ್ರ ಬಿಟ್ಟುಬಿಡುತ್ತೇವೆ. ವಾಟರ್ ಪಾರ್ಕ್ ಅಂದರೆ ಪ್ರವೇಶದ ಟಿಕೆಟ್, ಬಸ್ ಬಾಡಿಗೆ, ಊಟ, ಲಾಕರ್, ಮೇಲೆ ಕೈಖರ್ಚು. ಅಬ್ಬಾ ಆಟೋ ಓಡಿಸುವ ಮನೆಯಲ್ಲಿ, ಅಮ್ಮಿ ಬೀಡಿ ಕಟ್ಟುವ ಮನೆಯಲ್ಲಿ, ಮೂವರು ಮಕ್ಕಳ ಫೀಸು ಒಟ್ಟಿಗೆ ಕಟ್ಟಬೇಕಾದ ಮನೆಯಲ್ಲಿ ಆ ಮೊತ್ತ ಸಣ್ಣದಲ್ಲ. ಆದರೆ ಯಾರೂ 'ನಮ್ಮ ಹತ್ತಿರ ದುಡ್ಡಿಲ್ಲ' ಅಂತ ತರಗತಿಯಲ್ಲಿ ಎದ್ದು ನಿಂತು ಹೇಳುವುದಿಲ್ಲ. 'ಅವತ್ತು ಊರಲ್ಲಿ ಮದುವೆ ಇದೆ' ಅನ್ನುತ್ತಾರೆ. 'ಬಸ್ಸಲ್ಲಿ ಹೋದರೆ ನನಗೆ ವಾಂತಿ' ಅನ್ನುತ್ತಾರೆ. 'ಆ ಜಾಗ ನಾನು ನೋಡಿದ್ದೀನಿ ಬಿಡು' ಅನ್ನುತ್ತಾರೆ. ಮಾರನೇ ದಿನ ಎಲ್ಲರೂ ಮೊಬೈಲಿನಲ್ಲಿ ಫೋಟೋ ನೋಡುತ್ತಾ ನಗುವಾಗ ಅವರು ನೋಟ್ಸ್ ಬರೆಯುತ್ತಾ ಕೂತಿರುತ್ತಾರೆ. ಇಂಥವರು ಪ್ರತಿ ಸೆಕ್ಷನ್‌ನಲ್ಲೂ ಇದ್ದಾರೆ. ನಿಮ್ಮ ಪಕ್ಕದ ಬೆಂಚಿನಲ್ಲೂ ಇರಬಹುದು. 'ಕಾಲೇಜು ಪಿಕ್‌ನಿಕ್' ಎಂದು ಹೆಸರಿಟ್ಟು, ಕಾಲೇಜಿನ ಒಂದು ಪಾಲು ಜನ ಮನೆಯಲ್ಲಿ ಉಳಿಯುವಂತೆ ಮಾಡಿದರೆ ಆ ಹೆಸರು ಅದಕ್ಕೆ ಒಪ್ಪುವುದಿಲ್ಲ.

ಎರಡನೆಯದು ಹುಡುಗಿಯರ ವಿಷಯ. ನಾನೂ ಹುಡುಗಿಯೇ ಆದ್ದರಿಂದ ಇದನ್ನು ಧೈರ್ಯವಾಗಿ ಬರೆಯುತ್ತೇನೆ. ನಮ್ಮಲ್ಲಿ ಬಹಳ ಜನರಿಗೆ ಮನೆಯಲ್ಲಿ ಮೂರು ಪ್ರಶ್ನೆ ಇರುತ್ತದೆ: ಎಲ್ಲಿಗೆ? ಯಾರ ಜೊತೆ? ಎಷ್ಟು ಗಂಟೆಗೆ ವಾಪಸ್? ರಾತ್ರಿ ಒಂಬತ್ತಕ್ಕೆ ಬಸ್ ಬರುತ್ತದೆ ಅಂದರೆ ಉತ್ತರ ಅಲ್ಲೇ ಮುಗಿಯಿತು. ಹೇಗೋ ಒಪ್ಪಿಸಿ ವಾಟರ್ ಪಾರ್ಕಿಗೆ ಹೋದರೂ ಅಲ್ಲಿ ಆಗುವುದೇನು? ನೀರಿಗೆ ಇಳಿಯಲು ಅವರು ಹೇಳುವ ಬಟ್ಟೆ ಬೇಕು, ಹುಡುಗ ಹುಡುಗಿಯರು ಒಂದೇ ಕೊಳದಲ್ಲಿ. ಅದು ಬೇಡ ಅನ್ನುವ ಹುಡುಗಿಯರು ದಂಡೆಯ ಮೇಲೆ ಕೂತು ಉಳಿದವರ ಬ್ಯಾಗು, ಮೊಬೈಲು, ಚಪ್ಪಲಿ ಕಾಯುತ್ತಾರೆ. ಪೂರ್ತಿ ಟಿಕೆಟ್ ಕೊಟ್ಟು ಕಾವಲು ಕೆಲಸ! ಕೆರೆಯ ಬದಿಯಲ್ಲಿ ಈ ತೊಂದರೆ ಇಲ್ಲ. ನಾವು ದಿನವೂ ಹಾಕುವ ಬಟ್ಟೆಯಲ್ಲೇ ನಡೆಯಬಹುದು, ಕೂರಬಹುದು, ಹಕ್ಕಿ ನೋಡಬಹುದು, ಹರಟಬಹುದು. ಹಗಲಿನಲ್ಲೇ ಹೋಗಿ ಹಗಲಿನಲ್ಲೇ ಬರಬಹುದು. ಮನೆಯವರಿಗೂ ಗೊತ್ತಿರುವ ಜಾಗ. ಮೂರು ಪ್ರಶ್ನೆಗೂ ನೇರ ಉತ್ತರ ಸಿಗುತ್ತದೆ.

ಇದರ ಜೊತೆಗೆ ಇನ್ನೊಂದು ಮಾತಿದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಷ್ಟು ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದಿನವನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಇನ್ನೊಂದು ಟ್ಯೂಷನ್ ಅಥವಾ ಸಿಇಟಿ, ನೀಟ್ ತರಬೇತಿ. ಹುಡುಗರಿಗೆ ಭಾನುವಾರದ ಕ್ರಿಕೆಟ್ ಆದರೂ ಇದೆ. ಹುಡುಗಿಯರಿಗೆ ಮನೆಯಿಂದ ಬಸ್ ಸ್ಟಾಪ್‌ವರೆಗಿನ ನಡಿಗೆಯೇ ವ್ಯಾಯಾಮ. ವರ್ಷಕ್ಕೊಮ್ಮೆ ಜಾರುಬಂಡೆಯಲ್ಲಿ ಜಾರಿ ಬಂದರೆ ಈ ಕೊರತೆ ತುಂಬುವುದಿಲ್ಲ. ಆದರೆ ಒಮ್ಮೆ ಕೆರೆಯ ದಾರಿ ಪರಿಚಯವಾದರೆ, ಮುಂದಿನ ತಿಂಗಳು ಅಮ್ಮಿಯನ್ನೋ ಖಾಲಾಳನ್ನೋ ಕರೆದುಕೊಂಡು ನಾವೇ ಹೋಗಬಹುದು. ರೆಸಾರ್ಟಿಗೆ ಹಾಗೆ ಮತ್ತೆ ಮತ್ತೆ ಹೋಗಲು ಆಗುತ್ತದೆಯೇ?

ಸರಿ, ಕೆರೆಯೇ ಆಗಲಿ. ಆದರೆ ಯಾವ ಕೆರೆ? ಮೈಸೂರಿನವರ ಭಾಗ್ಯ, ಆಯ್ಕೆ ಮಾಡಲು ನಮಗೆ ಒಂದಕ್ಕಿಂತ ಹೆಚ್ಚು ಕೆರೆಗಳಿವೆ. ಮುಖ್ಯವಾದ ಮೂರನ್ನು ಹೋಲಿಸಿ ನೋಡೋಣ.

ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದರು. ಊರಾಚೆಯ ಹೊಲಗದ್ದೆಗಳಿಗೆ ನೀರು ಕೊಡುವುದು ಉದ್ದೇಶ. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆಯೊಂದು ಇದಕ್ಕೆ ನೀರು ತರುತ್ತಿತ್ತು. ಊರು ಬೆಳೆದಂತೆ ಆ ನಾಲೆ ಮುಚ್ಚಿಹೋಗುತ್ತಾ ಬಂತು. ಇಂದು ಕೆರೆ ಮಾನಸಗಂಗೋತ್ರಿಗೆ ಅಂಟಿಕೊಂಡಿದ್ದು, ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಕುವೆಂಪು ಇಲ್ಲಿ ವಾಯುವಿಹಾರ ಮಾಡುತ್ತಿದ್ದುದು ಕನ್ನಡ ಓದುವವರಿಗೆಲ್ಲ ಗೊತ್ತು. ಸುತ್ತಲಿನ ಮಣ್ಣಿನ ದಾರಿ ನಾಲ್ಕರಿಂದ ಐದು ಕಿಲೋಮೀಟರ್. ಇಕ್ಕೆಲದಲ್ಲಿ ಮರದ ನೆರಳು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ ಎಲ್ಲವೂ ಕಾಣಸಿಗುತ್ತವೆ. ನಡೆಯಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಇದು ವಾಯುವಿಹಾರಿಗಳ ಕೆರೆ. ಬೆಳಿಗ್ಗೆ ಮತ್ತು ಸಂಜೆ ವಯಸ್ಸಾದವರು, ಹೃದಯದ ತೊಂದರೆ ಇರುವವರು ನಿಧಾನವಾಗಿ ನಡೆಯುವ ದಾರಿ. ಅಲ್ಲಿಗೆ ಮುನ್ನೂರು ವಿದ್ಯಾರ್ಥಿಗಳು ಒಮ್ಮೆಲೇ ನುಗ್ಗಿದರೆ ಅವರಿಗೂ ಕಷ್ಟ, ನಮಗೂ ಕಷ್ಟ.

ಲಿಂಗಾಂಬುಧಿ ಕೆರೆ ಇದಕ್ಕಿಂತ ಹಳೆಯದು. ಅದೇ ಮುಮ್ಮಡಿಯವರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಶ್ರೀರಾಂಪುರ, ರಾಮಕೃಷ್ಣನಗರದ ಕಡೆಯವರಿಗೆ ಹತ್ತಿರ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಹಕ್ಕಿ ನೋಡುವ ಆಸೆಯಿರುವ ಹತ್ತಿಪ್ಪತ್ತು ಜನರ ತಂಡಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಹಕ್ಕಿಗಳಿಗಾಗಿಯೇ ಇರುವ ಶಾಂತ ಜಾಗಕ್ಕೆ ಇಡೀ ಕಾಲೇಜನ್ನು ಕರೆದೊಯ್ಯುವುದು ನ್ಯಾಯವಲ್ಲ.

ಉಳಿದದ್ದು ಕಾರಂಜಿ ಕೆರೆ. ಚಾಮುಂಡಿ ಬೆಟ್ಟದ ತಪ್ಪಲಿನ ಕಡೆ ಇರುವ ಈ ಕೆರೆ ಮೃಗಾಲಯದ ಆಡಳಿತಕ್ಕೆ ಸೇರಿದೆ. ಒಟ್ಟು ವಿಸ್ತಾರ ಸುಮಾರು 90 ಹೆಕ್ಟೇರ್. ಅದರಲ್ಲಿ ನೀರು ನಿಲ್ಲುವ ಜಾಗ ಸುಮಾರು 55 ಹೆಕ್ಟೇರ್. ಉಳಿದದ್ದು ದಂಡೆಯ ತೋಟ, ದಾರಿ, ಮರಗಳು. ಸುಮಾರು 60 ಮೀಟರ್ ಉದ್ದ, 20 ಮೀಟರ್ ಎತ್ತರದ ಪಕ್ಷಿಪಂಜರವಿದೆ. ಅದರೊಳಗೆ ನಾವೇ ನಡೆದು ಹೋಗಿ ನವಿಲುಗಳನ್ನು ಹತ್ತಿರದಿಂದ ನೋಡಬಹುದು. ಚಿಟ್ಟೆಗಳ ಉದ್ಯಾನ ಇದೆ, ದೋಣಿವಿಹಾರ ಇದೆ. ಸುತ್ತಲೂ ಬೇಲಿ, ಗೇಟು, ಕಾವಲುಗಾರರು, ಶೌಚಾಲಯ ಇವೆ. ನೂರಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಉಪನ್ಯಾಸಕರಿಗೆ ಈ ಕೊನೆಯ ನಾಲ್ಕು ವಿಷಯವೇ ಎಲ್ಲಕ್ಕಿಂತ ಮುಖ್ಯ. ಟಿಕೆಟ್ ಇದೆ ನಿಜ, ಆದರೆ ವಾಟರ್ ಪಾರ್ಕಿನ ಟಿಕೆಟ್ಟಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಕೆರೆಯ ದಂಡೆಯಲ್ಲೇ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವೂ ಇದೆ. 1995ರಲ್ಲಿ ಶುರುವಾದ ಈ ಸಂಗ್ರಹಾಲಯವನ್ನು ಮೈಸೂರಿನಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ವಾರ್ಷಿಕ ಪಿಕ್‌ನಿಕ್‌ಗೆ ಕಾರಂಜಿ ಕೆರೆ. ತಿಂಗಳಿಗೊಮ್ಮೆ ಒಂದೊಂದೇ ಸೆಕ್ಷನ್ ದೈಹಿಕ ಶಿಕ್ಷಣ ಸರ್ ಜೊತೆ ನಡೆದು ಬರಲು ಕುಕ್ಕರಹಳ್ಳಿ. ಹಕ್ಕಿಪ್ರಿಯರಿಗೆ ಲಿಂಗಾಂಬುಧಿ. ಮೂರೂ ಒಳ್ಳೆಯ ಕೆರೆಗಳೇ. ಎಷ್ಟು ಜನ ಹೋಗುತ್ತೇವೆ, ಏನು ಮಾಡಲು ಹೋಗುತ್ತೇವೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಈಗ ಎದುರು ಮಾತುಗಳಿಗೆ ಬರುತ್ತೇನೆ. ಗೆಳತಿಯರ ಜೊತೆ ಮಾತಾಡಿದಾಗ ಮೂರು ಆಕ್ಷೇಪ ಬಂದವು.

'ಅದನ್ನು ಚಿಕ್ಕವರಿದ್ದಾಗಲೇ ನೋಡಿದ್ದೀವಿ, ಬೋರು' ಎನ್ನುವುದು ಮೊದಲನೆಯದು. ನೋಡಿದ್ದೇವೆ, ಸರಿ. ಅಬ್ಬಾನ ಹೆಗಲ ಮೇಲೆ ಕೂತು, ಪಾಪ್‌ಕಾರ್ನ್ ತಿನ್ನುತ್ತಾ ನೋಡಿದ್ದೇವೆ. ಪಿಯುಸಿ ಓದುವ ಕಣ್ಣಿನಿಂದ ನೋಡಿಲ್ಲ. ಜೀವಶಾಸ್ತ್ರದಲ್ಲಿ ಯೂಟ್ರೋಫಿಕೇಶನ್ ಎಂಬ ಮಾತಿದೆ. ಚರಂಡಿ ನೀರಿನಲ್ಲಿರುವ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರವಾಗುತ್ತವೆ. ಪಾಚಿ ಕೆರೆಯನ್ನೆಲ್ಲ ಆವರಿಸುತ್ತದೆ, ಆಮೇಲೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ತೀರಿಸಿಬಿಡುತ್ತದೆ, ಮೀನುಗಳು ಸಾಯುತ್ತವೆ. ಮೈಸೂರಿನ ಕೆರೆಗಳು ಇದನ್ನು ಅನುಭವಿಸಿವೆ. ಕಾರಂಜಿ ಕೆರೆಗೂ ಕೊಳಚೆ ಹರಿದು, ಜನ ಹತ್ತಿರ ಸುಳಿಯದ ಕಾಲವೊಂದಿತ್ತು. ಅದನ್ನು ಶುಚಿ ಮಾಡಿ ಮತ್ತೆ ಜೀವ ಕೊಟ್ಟದ್ದರಿಂದಲೇ ಇಂದು ನಾವು ಅಲ್ಲಿಗೆ ಹೋಗುವ ಮಾತಾಡುತ್ತಿದ್ದೇವೆ. ಕೆಟ್ಟುಹೋದ ಕೆರೆ ಮತ್ತೆ ಸರಿಯಾಗಬಲ್ಲದು ಎನ್ನುವುದಕ್ಕೆ ನಮ್ಮೂರಿನಲ್ಲೇ ಇರುವ ಸಾಕ್ಷಿ ಅದು. ಇತಿಹಾಸ ಓದುವವರಿಗೆ ಮುಮ್ಮಡಿಯವರ ಕೆರೆಗಳು, ಕಾಮರ್ಸ್‌ನವರಿಗೆ ಟಿಕೆಟ್ ಹಣದಿಂದ ಒಂದು ಸಾರ್ವಜನಿಕ ಜಾಗವನ್ನು ನಡೆಸುವ ಲೆಕ್ಕ. ಹುಡುಕಿದರೆ ಎಲ್ಲರಿಗೂ ಏನಾದರೂ ಸಿಗುತ್ತದೆ.

'ಥ್ರಿಲ್ ಇಲ್ಲ' ಎನ್ನುವುದು ಎರಡನೆಯದು. ಒಪ್ಪುತ್ತೇನೆ, ಅಲ್ಲಿ ಎತ್ತರದ ಜಾರುಬಂಡೆ ಇಲ್ಲ, ಡಿಜೆ ಇಲ್ಲ. ಥ್ರಿಲ್ಲೇ ಬೇಕೆನ್ನುವವರಿಗೆ ರಜೆ ದಿನಗಳಿವೆ, ಮನೆಯವರ ಜೊತೆ ಹೋಗಲಿ, ಯಾರೂ ತಡೆಯುವುದಿಲ್ಲ. ಕಾಲೇಜಿನ ಪಿಕ್‌ನಿಕ್ ಇರುವುದು ಒಟ್ಟಿಗೆ ಇರುವುದಕ್ಕೆ. ರೈಡಿನ ಕ್ಯೂನಲ್ಲಿ ನಿಂತಾಗ ನಾವು ಇಬ್ಬರು ಮೂವರ ಗುಂಪಾಗಿ ಹಂಚಿಹೋಗುತ್ತೇವೆ. ಮರದ ಕೆಳಗೆ ಅಂತ್ಯಾಕ್ಷರಿ, ರಸಪ್ರಶ್ನೆ, ಮುಶಾಯಿರಾ ಇಟ್ಟರೆ, ವರ್ಷವಿಡೀ ಒಂದು ಮಾತೂ ಆಡದ ಹಿಂದಿನ ಬೆಂಚಿನವರ ದನಿಯೂ ಕೇಳುತ್ತದೆ. ಪ್ರಥಮ ಪಿಯುಸಿಯವರು ದ್ವಿತೀಯ ಪಿಯುಸಿಯವರ ಜೊತೆ ಕೂತು ಮಾತಾಡಲು ಕಾಲೇಜಿನಲ್ಲಿ ಬೇರೆ ಸಂದರ್ಭವಾದರೂ ಎಲ್ಲಿದೆ?

'ನೀರಿನ ಹತ್ತಿರ ಅಪಾಯ' ಎನ್ನುವುದು ಮೂರನೆಯದು. ಇದು ಉಪನ್ಯಾಸಕರ ಮಾತು, ನಿಜವಾದ ಮಾತು. ಕೆರೆಯಲ್ಲಿ ಈಜಲು ಬಿಡುವುದಿಲ್ಲ, ಬಿಡಬಾರದು ಕೂಡ. ಸೆಲ್ಫಿಗಾಗಿ ನೀರಿನ ಅಂಚಿಗೆ ಹೋಗಿ ಕಾಲು ಜಾರಿದ ಸುದ್ದಿಗಳನ್ನು ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಆದ್ದರಿಂದ ನಿಯಮ ಮೊದಲೇ ಹೇಳಿಬಿಡಲಿ: ದಾರಿ ಬಿಟ್ಟು ಯಾರೂ ಇಳಿಯಬಾರದು. ಇಪ್ಪತ್ತು ಜನರಿಗೆ ಒಬ್ಬ ಉಪನ್ಯಾಸಕರು, ಜೊತೆಗೆ ಇಬ್ಬರು ವಿದ್ಯಾರ್ಥಿ ನಾಯಕರು. ಗಂಟೆಗೊಮ್ಮೆ ಹಾಜರಿ. ದೋಣಿ ಹತ್ತುವವರು ಮನೆಯಿಂದ ಸಹಿ ಮಾಡಿಸಿದ ಪತ್ರ ತರಬೇಕು, ಲೈಫ್ ಜಾಕೆಟ್ ಹಾಕಲೇಬೇಕು. ಬೇಲಿ, ಕಾವಲು ಇರುವ ಜಾಗದಲ್ಲಿ ಈ ನಿಯಮ ಪಾಲಿಸುವುದು ಕಷ್ಟವಲ್ಲ.

ದಿನ ಮತ್ತು ಸಮಯದ ಬಗ್ಗೆಯೂ ಯೋಚಿಸಿದ್ದೇನೆ. ಮಂಗಳವಾರ ಕಾರಂಜಿ ಕೆರೆಗೆ ರಜೆ. ಸೋಮವಾರ ಸಂಗ್ರಹಾಲಯಕ್ಕೆ ರಜೆ. ಶುಕ್ರವಾರ ನಮಗೆ ಜುಮಾ. ಶನಿವಾರ, ಭಾನುವಾರ ಪ್ರವಾಸಿಗರ ಗದ್ದಲ. ಉಳಿದದ್ದು ಬುಧವಾರ ಮತ್ತು ಗುರುವಾರ. ಬೆಳಿಗ್ಗೆ 9ಕ್ಕೆ ಕೆರೆಯ ಗೇಟಿನ ಬಳಿ ಸೇರೋಣ. ಹನ್ನೊಂದೂಕಾಲಿನವರೆಗೆ ಕೆರೆ, ಆಮೇಲೆ ಹನ್ನೆರಡೂವರೆಯವರೆಗೆ ಸಂಗ್ರಹಾಲಯ. ಒಂದು ಗಂಟೆಗೆ ಕಾಲೇಜಿಗೆ ವಾಪಸ್. ಝುಹರ್ ನಮಾಝ್ ಇಲ್ಲೇ ಮುಗಿಸಿ, ಊಟವನ್ನೂ ಇಲ್ಲೇ ಕಾಲೇಜಿನ ಅಂಗಳದಲ್ಲಿ ಮಾಡೋಣ. ಇದರಲ್ಲಿ ಎರಡು ಲಾಭ. ನಮಾಝ್‌ಗೆ ವುಝೂ ಎಲ್ಲಿ, ಜಾಗ ಎಲ್ಲಿ ಎಂದು ಹುಡುಕಾಡುವ ಪ್ರಶ್ನೆ ಇಲ್ಲ. ಬಿರಿಯಾನಿ ದೇಗ್, ಪೇಪರ್ ತಟ್ಟೆ, ಮೂಳೆ ಇವೆಲ್ಲ ಕೆರೆಯ ದಂಡೆಗೆ ಹೋಗುವುದಿಲ್ಲ. ಬೆಳಗಿನ ಹಸಿವಿಗೆ ಮನೆಯಿಂದ ಡಬ್ಬಿಯಲ್ಲಿ ಏನಾದರೂ ತಂದು ಬಸ್ಸಿನಲ್ಲೇ ತಿಂದರಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ನಡವಳಿಕೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ರೆಸಾರ್ಟಿನಲ್ಲಿ ದುಡ್ಡು ಕೊಟ್ಟಿದ್ದೇವೆ, ನಾವು ಬಿಸಾಡಿದ್ದನ್ನು ಅವರು ಎತ್ತುತ್ತಾರೆ ಎಂಬ ಭಾವನೆ ನಮಗಿರುತ್ತದೆ. ಸಾರ್ವಜನಿಕ ಜಾಗದಲ್ಲಿ ಇದು ನಡೆಯುವುದಿಲ್ಲ. ಸಾರ್ವಜನಿಕ ಎಂದರೆ ಯಾರದೂ ಅಲ್ಲ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಅದು ಎಲ್ಲರದೂ ಹೌದು. ಅಲ್ಲಿ ನಡೆಯುವ ಅಜ್ಜನದು, ಕಡಲೆಕಾಯಿ ಮಾರುವವರದು, ಮರದ ಮೇಲೆ ಗೂಡು ಕಟ್ಟಿದ ಕೊಕ್ಕರೆಯದು, ನಮ್ಮದು. ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯಗಳ ಪಟ್ಟಿ ಇದೆ. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆರೆಯ ಹೆಸರನ್ನೇ ಎತ್ತಿ ಹೇಳಿದೆ ಎನ್ನುವುದನ್ನು ಗಮನಿಸಿ. ರಾಜ್ಯಶಾಸ್ತ್ರದ ತರಗತಿಯಲ್ಲಿ ಎರಡು ಅಂಕಕ್ಕೆ ಬರೆಯುವ ಈ ಸಾಲನ್ನು ಒಂದು ದಿನ ನಡೆದು ತೋರಿಸೋಣ.

ಅದಕ್ಕೆ ದೊಡ್ಡ ತ್ಯಾಗವೇನೂ ಬೇಡ. ಸ್ಟೀಲ್ ಬಾಟಲಿಯಲ್ಲಿ ನೀರು ತರೋಣ. ಮೃಗಾಲಯದವರ ಜಾಗವಾದ್ದರಿಂದ ಪ್ಲಾಸ್ಟಿಕ್ ವಿಷಯದಲ್ಲಿ ಅವರು ಹೇಗೂ ಕಟ್ಟುನಿಟ್ಟು. ಹಕ್ಕಿಗಳಿಗೆ ಚಿಪ್ಸ್, ಬ್ರೆಡ್ ಎಸೆಯುವುದು ಬೇಡ, ಅದು ಅವುಗಳ ಆಹಾರವಲ್ಲ. ಸ್ಪೀಕರ್ ಬೇಡ. ರೀಲ್ಸ್ ಮಾಡುವವರು ಮಾಡಿಕೊಳ್ಳಲಿ, ಆದರೆ ದಾರಿಗೆ ಅಡ್ಡ ನಿಂತು ಬೇಡ, ಬೇರೆಯವರ ಮನೆಯ ಹೆಂಗಸರು ಮಕ್ಕಳು ಫ್ರೇಮಿನಲ್ಲಿ ಬರುವ ಹಾಗೆ ಬೇಡ. ನಡೆಯುವವರಿಗೆ ದಾರಿ ಬಿಡೋಣ. ಕಾಲೇಜಿನ ಯೂನಿಫಾರ್ಮಿನಲ್ಲಿ ಮುನ್ನೂರು ಜನ ಒಟ್ಟಿಗೆ ಹೋದಾಗ ಊರಿನ ಜನ ನೋಡುತ್ತಾರೆ. ನಮ್ಮ ಬಗ್ಗೆ ಅವರು ಮನೆಗೆ ಹೋಗಿ ಏನು ಹೇಳುತ್ತಾರೆ ಎನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. 'ಎಷ್ಟು ಚೆನ್ನಾಗಿ ಬಂದು ಹೋದರು ಮಕ್ಕಳು' ಅನ್ನಿಸಿಕೊಂಡು ಬರೋಣ.

ಕೊನೆಯದಾಗಿ, ಖರ್ಚು ಹಂಚಿಕೊಳ್ಳುವ ರೀತಿ. ಬಸ್ ಮತ್ತು ಟಿಕೆಟ್ ಇಷ್ಟೇ ಖರ್ಚಾದರೂ, ಕೆಲವರಿಗೆ ಅದೂ ಭಾರವಾಗಬಹುದು. ಪ್ರತಿ ಸೆಕ್ಷನ್‌ನಲ್ಲಿ ಒಂದು ಮುಚ್ಚಿದ ಡಬ್ಬಿ ಇಡಲಿ. ಹೆಸರು ಬರೆಯದೆ, ಪಟ್ಟಿ ಓದದೆ, ಕೊಡಬಲ್ಲವರು ಸ್ವಲ್ಪ ಹೆಚ್ಚು ಹಾಕಲಿ, ಆಗದವರು ಕಡಿಮೆ ಹಾಕಲಿ. ಒಟ್ಟು ಕಡಿಮೆ ಬಿದ್ದರೆ ವಿದ್ಯಾರ್ಥಿ ಸಂಘದ ಹಣದಿಂದ ತುಂಬಿಸಲಿ. ಯಾರು ಎಷ್ಟು ಕೊಟ್ಟರು ಎಂದು ಪಕ್ಕದವರಿಗೂ ತಿಳಿಯಬಾರದು. ಶಿಕ್ಷಣ ಸಂಸ್ಥೆಗಳ ಗುಂಪಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆಯೇ ಎಂದು ಕಾಲೇಜಿನ ಕಡೆಯಿಂದ ಮೊದಲೇ ಪತ್ರ ಬರೆದು ಕೇಳಲಿ.

ಪ್ರಾಂಶುಪಾಲರಲ್ಲಿ ಮತ್ತು ವಿದ್ಯಾರ್ಥಿ ಸಂಘದ ಪದಾಧಿಕಾರಿಗಳಲ್ಲಿ ನನ್ನ ಮನವಿ ಇಷ್ಟೇ. ಪಿಕ್‌ನಿಕ್ ಜಾಗಕ್ಕೆ ಕೈ ಎತ್ತಿಸಿ ಮತ ಕೇಳುವ ಪದ್ಧತಿ ನಮ್ಮಲ್ಲಿದೆ. ಕೈ ಎತ್ತುವಾಗ ಜೋರು ದನಿಯವರೇ ಗೆಲ್ಲುತ್ತಾರೆ, ದುಡ್ಡಿಲ್ಲದವರು, ಮನೆಯಲ್ಲಿ ಒಪ್ಪಿಗೆ ಸಿಗದವರು ಸುಮ್ಮನೆ ಎಲ್ಲರ ಜೊತೆ ಕೈ ಎತ್ತಿ, ಆ ದಿನ ರಜೆ ಹಾಕುತ್ತಾರೆ. ಈ ಸಲ ಚೀಟಿಯಲ್ಲಿ ಬರೆಸಿ. ಪ್ರಶ್ನೆಯನ್ನೂ ಸ್ವಲ್ಪ ಬದಲಿಸಿ. 'ಎಲ್ಲಿಗೆ ಹೋಗೋಣ?' ಎಂದು ಕೇಳುವ ಜೊತೆಗೆ 'ಯಾವ ಜಾಗವಾದರೆ ನೀನು ಖಂಡಿತ ಬರುತ್ತೀ?' ಎಂದೂ ಕೇಳಿ. ಆ ಎರಡನೇ ಪ್ರಶ್ನೆಗೆ ಬರುವ ಉತ್ತರಗಳನ್ನು ಎಣಿಸಿ ತೀರ್ಮಾನ ಮಾಡಿ. ಆ ಎಣಿಕೆಯಲ್ಲಿ ವಾಟರ್ ಪಾರ್ಕ್ ಗೆದ್ದರೆ ಅದನ್ನು ಒಪ್ಪಿಕೊಳ್ಳುತ್ತೇನೆ.

- ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ